ಓಡಿಸಬ್ಯಾಡ, ಓದು

ಸಾರು ತೀರಿಕೊಂಡ ದಿನ ಊರಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅವರನ್ನು ‘ಮೃದುಭಾಷಿ, ಸಾತ್ವಿಕ, ಅಜಾತಶತ್ರು’ ಎಂದು ಬರೆದು ಕೆಳಗೊಂದು ದೀಪದ ಚಿತ್ರ ಹಾಕಿದರು. ನನಗೆ ಬರುತ್ತಿದ್ದ ಅಳು ಅಲ್ಲಿಗೇ ನಿಂತಿತು. ಮೃದುಭಾಷಿಯಂತೆ! ನಾರಾಯಣಪೇಟೆಯ ಬಸ್ ನಿಲ್ದಾಣದ ಎದುರಿಗಿದ್ದ ಅವರ ರಿಪೇರಿ ಅಂಗಡಿಯಿಂದ ಬೈಗುಳ ಕೇಳಿಸದ ದಿನ ಪಕ್ಕದ ಹೂವಿನವಳು ಬುಟ್ಟಿ ಬಿಟ್ಟು ಎದ್ದು ಬಂದು, “ಸಾರಿಗೆ ಆರಾಮಿಲ್ಲೇನು?” ಎಂದು ಇಣುಕುತ್ತಿದ್ದಳು.

ನಮ್ಮ ಕಡೆ ತೆಲುಗಿನಲ್ಲಿ ಮೇಷ್ಟ್ರಿಗೆ ಸಾರು ಎನ್ನುತ್ತಾರೆ. ಕನ್ನಡದಲ್ಲಿ ಸಾರು ಅಂದರೆ ಅನ್ನಕ್ಕೆ ಸುರಿದುಕೊಳ್ಳುವ ಸಾರು. ಎರಡೂ ಭಾಷೆ ಆಡುವ ನಮಗೆ ಇದರಿಂದ ಏನೂ ತೊಂದರೆ ಆಗಲಿಲ್ಲ. ಯಾವ ಭಾಷೆಯಲ್ಲಿ ತೆಗೆದುಕೊಂಡರೂ ಅವರು ಖಾರವೇ ಇದ್ದರು.

ಅವರ ಊರು ಮಕ್ತಲ್. ಒಂದು ಪಾಲಿಟೆಕ್ನಿಕ್ಕಿನಲ್ಲಿ ಲ್ಯಾಬ್ ಸಹಾಯಕರಾಗಿದ್ದು ನಿವೃತ್ತರಾದವರು. ಪಾಠ ಮಾಡುವ ಅಧಿಕಾರ ಅವರಿಗೆ ಇರಲಿಲ್ಲ. ಆದರೆ ಪಾಠ ಮಾಡುವವರಿಗೆ ಯಂತ್ರ ಕೈಕೊಟ್ಟಾಗ ಇವರನ್ನೇ ಕರೆಯಬೇಕಿತ್ತು. ಹಾಗಾಗಿ ಎಲ್ಲ ಉಪನ್ಯಾಸಕರ ಅಜ್ಞಾನದ ಪೂರ್ತಿ ವಿವರ ಅವರ ಬಳಿ ಇತ್ತು, ಮತ್ತು ಅದನ್ನು ಅವರು ಗುಟ್ಟಾಗಿ ಇಡಲಿಲ್ಲ. ಕುಳ್ಳು, ಹೊಟ್ಟೆ ಮುಂದೆ, ಅಂಗಿಯ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಸ್ಕ್ರೂಡ್ರೈವರ್. ತಲೆಗೂದಲಿನ ಮುಂದಿನ ಅರ್ಧಕ್ಕೆ ಮಾತ್ರ ಕಪ್ಪು ಬಣ್ಣ ಹಚ್ಚುತ್ತಿದ್ದರು. ಹಿಂದಿನ ಅರ್ಧ ಪೂರ್ತಿ ಬೆಳ್ಳಗೆ. ಯಾಕೆ ಎಂದು ಒಮ್ಮೆ ಕೇಳಿದೆ.

“ಹಿಂದಿಂದು ನನಗ ಕಾಣೂದಿಲ್ಲ. ಕಾಣೋರು ಬೇಕಾದ್ರ ಹಚ್ಚಲಿ,” ಎಂದರು.

ನಾನು ಅವರ ಅಂಗಡಿಗೆ ಮೊದಲು ಹೋದದ್ದು ಡಿಗ್ರಿ ಮುಗಿಸಿದ ವರ್ಷ. ಮನೆಯಲ್ಲಿ ಎರಡು ಮಗ್ಗ, ಅಪ್ಪ ಒಂದರಲ್ಲಿ, ಅವ್ವ ಒಂದರಲ್ಲಿ. ನನಗೆ ಮಗ್ಗವೂ ಬೇಡವಾಗಿತ್ತು, ಟೀಚರ್ ಟ್ರೇನಿಂಗೂ ಬೇಡವಾಗಿತ್ತು. ಕಂಪ್ಯೂಟರಿಗೆ ಕಳ್ಳರು ಬಿಡುವ ವೈರಸ್ಸುಗಳನ್ನು ಬಿಚ್ಚಿ ನೋಡುವ ಕೆಲಸ ಒಂದಿದೆ ಎಂದು ಎಲ್ಲೋ ಓದಿದ್ದೆ, ಅದೇ ತಲೆಯಲ್ಲಿ ಕೂತುಬಿಟ್ಟಿತ್ತು. ಕಳ್ಳರು ತಮ್ಮ ಪ್ರೋಗ್ರಾಮಿನ ಮೂಲ ಬರಹವನ್ನು ನಮಗೆ ಕೊಡುವುದಿಲ್ಲವಲ್ಲ. ಯಂತ್ರದೊಳಗೆ ಓಡುವ ಅಂಕಿಗಳಷ್ಟೇ ಸಿಗುತ್ತವೆ. ಆ ಅಂಕಿಗಳನ್ನು ಮನುಷ್ಯರು ಓದುವ ಹಾಗೆ ಬರೆದಾಗ ಅದಕ್ಕೆ ಅಸೆಂಬ್ಲಿ ಭಾಷೆ ಎನ್ನುತ್ತಾರೆ. ಅದು ಬರದಿದ್ದರೆ ಈ ಕೆಲಸವಿಲ್ಲ. ಫೋನಿನಲ್ಲಿ ಪಾಠದ ವಿಡಿಯೋ ನೋಡಿದೆ. ಮಾತಾಡುವವನಿಗೆ ಬಸ್ಸು ತಪ್ಪಿ ಹೋಗುವ ಗಡಿಬಿಡಿ ಇದ್ದಂತಿತ್ತು. ಕೊನೆಗೆ ಸಾರಿನ ಅಂಗಡಿಗೆ ಹೋಗಿ, “ಸಾರ್, ನನಗ ಅಸೆಂಬ್ಲಿ ಕಲಿಸ್ರಿ,” ಎಂದೆ.

“ಅಸೆಂಬ್ಲಿ ಹೈದರಾಬಾದ್ದಾಗ ಐತಿ. ಎಲೆಕ್ಷನ್ನಿಗೆ ನಿಂದ್ರು,” ಎಂದು ಯಾರದೋ ಪ್ರಿಂಟರಿನ ಹೊಟ್ಟೆಯೊಳಗೆ ಮತ್ತೆ ತಲೆ ಹಾಕಿದರು.

ನಾನು ಹೋಗಲಿಲ್ಲ. ಅರ್ಧ ಗಂಟೆಯ ಮೇಲೆ ತಲೆ ಹೊರಗೆ ತೆಗೆದು, “ಇನ್ನೂ ಅದೀ?” ಎಂದು, ಬೆಂಚಿನ ಕೆಳಗಿನಿಂದ ಒಂದು ಮರದ ಪೆಟ್ಟಿಗೆ ಎಳೆದರು. ಒಳಗೆ ಪಾಲಿಟೆಕ್ನಿಕ್ಕಿನ ಹಳೆಯ ಮೈಕ್ರೋಪ್ರೊಸೆಸರ್ ಕಿಟ್ಟು. ಪರದೆ ಇಲ್ಲ, ಆರು ಕೆಂಪು ಅಂಕಿಗಳು ಮಾತ್ರ. ಕೀಲಿಗಳು ಹಳೆಯ ಟೆಲಿಫೋನಿನಷ್ಟು. ಕಾಲೇಜಿನವರು ಗುಜರಿಗೆ ಹಾಕುವಾಗ ಎತ್ತಿಕೊಂಡು ಬಂದದ್ದಂತೆ. “ಕದ್ದಿಲ್ಲ, ಕಾಪಾಡೀನಿ,” ಎಂದು ನಾನು ಕೇಳದೆಯೇ ಹೇಳಿದರು.

ಮೊದಲ ಮೂರು ದಿನ ಒಂದೇ ಲೆಕ್ಕ. ಯಂತ್ರದ ಎಣಿಕೆಯಲ್ಲಿ ಒಂಬತ್ತಾದ ಮೇಲೆ ಎ, ಬಿ, ಸಿ ಎಂದು ಅಕ್ಷರಗಳೂ ಅಂಕಿಗಳೇ. ಮೂರು-ಇ, ಸೊನ್ನೆ-ಐದು: ಮೊದಲನೆಯ ಗೂಡಿನಲ್ಲಿ ಐದು ಇಡು. ಸೊನ್ನೆ-ಆರು, ಸೊನ್ನೆ-ಮೂರು: ಎರಡನೆಯ ಗೂಡಿನಲ್ಲಿ ಮೂರು ಇಡು. ಎಂಟು-ಸೊನ್ನೆ: ಎರಡನೆಯದನ್ನು ಮೊದಲನೆಯದಕ್ಕೆ ಕೂಡಿಸು. ಏಳು-ಆರು: ನಿಲ್ಲು. ಒಂದು ಅಂಕಿ ತಪ್ಪಿದರೆ ಎಲ್ಲಾ ಅಳಿಸಿ ಮೊದಲಿನಿಂದ ಒತ್ತಿಸುತ್ತಿದ್ದರು. ನಾಲ್ಕನೆಯ ದಿನ ಕೆಂಪು ಅಂಕಿಯಲ್ಲಿ ಸೊನ್ನೆ-ಎಂಟು ಮೂಡಿತು. ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ.

“ಕುಂದ್ರು. ಐದೂ ಮೂರೂ ಎಂಟು ಅಂತ ಒಂದನೇತ್ತೆ ಕೂಸು ಹೇಳತೈತಿ. ಇದಕ್ಕ್ಯಾಕ ಕುಣಿತಿ?” ಎಂದರು. ಆದರೆ ಆ ಸಂಜೆ ಎದುರಿನ ಬಂಡಿಯಿಂದ ಎರಡು ಪ್ಲೇಟು ಮಿರ್ಚಿ ಭಜಿ ತರಿಸಿದರು. ಒಂದೂವರೆ ಪ್ಲೇಟು ತಾವೇ ತಿಂದರು.

ಅವರ ಬೋಧನಾ ಪದ್ಧತಿ ಸಾರ್ವಜನಿಕ ಶಾಂತಿಗೆ ಒಳ್ಳೆಯದಾಗಿರಲಿಲ್ಲ. ಸ್ಟ್ಯಾಕ್ ಎಂಬುದೊಂದಿದೆ: ಯಂತ್ರ ತಾನು ಮರೆಯಬಾರದ್ದನ್ನು ಒಂದರ ಮೇಲೊಂದು ಪೇರಿಸಿಡುವ ಜಾಗ. ಕೊನೆಗೆ ಇಟ್ಟದ್ದು ಮೊದಲು ಹೊರಬರುತ್ತದೆ. ಇಡುವುದಕ್ಕೆ ಪುಶ್, ತೆಗೆಯುವುದಕ್ಕೆ ಪಾಪ್. ನನಗೆ ತಲೆಗೆ ಹೋಗಲಿಲ್ಲ. ಒಂದು ದಿನ ಮಕ್ತಲಿಗೆ ಹೋಗುವ ಷೇರ್ ಆಟೋದಲ್ಲಿ ಇಬ್ಬರೂ ಸಿಕ್ಕಿಹಾಕಿಕೊಂಡಿದ್ದೆವು. ಏಳು ಜನರ ಆಟೋದಲ್ಲಿ ಹನ್ನೆರಡು ಜನ. ಎಲ್ಲರಿಗಿಂತ ಮೊದಲು ಹತ್ತಿ ಒಳಮೂಲೆ ಸೇರಿದ್ದ ಒಬ್ಬ ಅಜ್ಜ ದಾರಿಯಲ್ಲಿ ಇಳಿಯಬೇಕು ಎಂದ. ಅವನು ಇಳಿಯಬೇಕಾದರೆ ಹೊರಗಿನವರೆಲ್ಲ ಇಳಿಯಬೇಕು, ಆಮೇಲೆ ಮತ್ತೆ ಹತ್ತಬೇಕು. ಸಾರು ರಸ್ತೆಯ ನಡುವೆ ನಿಂತು ಇಳಿಯುವ ಒಬ್ಬೊಬ್ಬರಿಗೂ “ಪಾಪ್! ಪಾಪ್! ಪಾಪ್!” ಎಂದು ಕೈಬೀಸಿದರು. ಅಜ್ಜ ಇಳಿದ ಮೇಲೆ, “ಈಗ ಪುಶ್! ಪುಶ್!” ಎಂದು ಕೂಗಿದರು. ಇಬ್ಬರು ಒಳ್ಳೆಯ ಜನ ಆಟೋ ಕೆಟ್ಟಿದೆ ಎಂದುಕೊಂಡು ಹಿಂದೆ ಹೋಗಿ ತಳ್ಳತೊಡಗಿದರು. ಡ್ರೈವರ್ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಸ್ಟ್ಯಾಕ್ ಮಾತ್ರ ನನಗೆ ಮತ್ತೆಂದೂ ಮರೆತುಹೋಗಲಿಲ್ಲ.

ಎಕ್ಸಾರ್ ಎಂಬ ಆಜ್ಞೆಯ ದಿನ ಇನ್ನೂ ಕೆಟ್ಟದ್ದು. ಒಂದು ಅಂಕಿಯನ್ನು ಇನ್ನೊಂದು ಗುಟ್ಟಿನ ಅಂಕಿಯ ಜೊತೆ ಎಕ್ಸಾರ್ ಮಾಡಿದರೆ ಅದು ಗುರುತೇ ಸಿಗದಂತಾಗುತ್ತದೆ. ಅದೇ ಗುಟ್ಟಿನ ಅಂಕಿಯಿಂದ ಮತ್ತೊಮ್ಮೆ ಮಾಡಿದರೆ ಮೊದಲಿನದೇ ವಾಪಸು. “ಅದ್ಹೆಂಗ ಸಾರ್?” ಎಂದೆ. ಸಾರು ಸೀದಾ ಅಂಗಿ ಬಿಚ್ಚಿದರು. ಒಳಗಿನದು ಹೊರಗೆ ಮಾಡಿ ಹಾಕಿಕೊಂಡು, “ಇದು ಉಲ್ಟಾ,” ಎಂದರು. ಮತ್ತೆ ಬಿಚ್ಚಿ ತಿರುಗಿಸುವಷ್ಟರಲ್ಲಿ ಯಾರೋ ಮದುವೆ ಮನೆಯವರು ಲಗ್ನಪತ್ರಿಕೆ ಮಾಡಿಸಲು ಹೆಂಡತಿ ಸಮೇತ ಬಾಗಿಲಿಗೆ ಬಂದರು. ಬರೀ ಬನಿಯನ್ನಿನ ಸಾರು ಅವರತ್ತ ತಿರುಗಿ, “ಉಲ್ಟಾದ್ದು ಉಲ್ಟಾ ಅಂದ್ರ ಸೀದಾ. ಬರ್ರಿ, ಕುಂದ್ರಿ,” ಎಂದರು. ಅವರು ಕುಳಿತುಕೊಳ್ಳಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವರು ತಮಾಷೆ ಮಾಡುತ್ತಿರಲಿಲ್ಲ. ಗೊತ್ತಿಲ್ಲದ ಪ್ರೋಗ್ರಾಮ್ ಸಿಕ್ಕಿದ ಕೂಡಲೇ ಅದರ ಮೇಲೆ ಒತ್ತಿ ಏನಾಗುತ್ತದೆ ನೋಡೋಣ ಎನ್ನುವುದು ನನ್ನ ಚಟವಾಗಿತ್ತು. ಅವರು ಕೈಗೆ ಸ್ಕೇಲಿನಿಂದ ಹೊಡೆಯುತ್ತಿದ್ದರು. “ಓಡಿಸಬ್ಯಾಡ, ಓದು. ಎಲ್ಲಿ ಹೋಲಿಸಿ ನೋಡ್ತೈತಿ, ಹೋಲಿಸಿದ ಮ್ಯಾಲೆ ಎತ್ತ ಹಾರತೈತಿ, ಅದನ್ನ ಹುಡುಕು. ಅದರ ನಿಯತ್ತು ಅಲ್ಲಿ ಇರ್ತೈತಿ.”

ಹೀಗೆ ಒಂದು ವರ್ಷ ಕಳೆಯಿತು. ಕಿಟ್ಟಿನಿಂದ ಈಗಿನ ಕಂಪ್ಯೂಟರಿನ ಅಸೆಂಬ್ಲಿಗೆ ಬಂದಿದ್ದೆ. ದಸರೆ ಹತ್ತಿರವಿತ್ತು. ಗದ್ವಾಲದ ಒಂದು ನೇಕಾರರ ಸಂಘದಿಂದ ಸಾರಿಗೆ ಫೋನು ಬಂತು. ಕಂಪ್ಯೂಟರಿನಲ್ಲಿದ್ದ ಸೀರೆಯ ಡಿಸೈನುಗಳೆಲ್ಲ ತೆರೆಯುತ್ತಿಲ್ಲ, ಪರದೆಯ ಮೇಲೆ ಬಿಡುಗಡೆಗೆ ಹಣ ಕೇಳುವ ಇಂಗ್ಲಿಷ್ ಪತ್ರ ನಿಂತಿದೆ ಎಂದರು.

ಆ ಡಿಸೈನುಗಳನ್ನು ಮಾಡಿದವರು ಪದ್ಮಮ್ಮ. ಅರವತ್ತು ದಾಟಿದ ಹೆಂಗಸು, ಸಂಘದ ಅಂಚು-ಸೆರಗುಗಳೆಲ್ಲ ಅವರ ಕೈಯವು. ಗೀಟು ಕಾಗದದ ಮೇಲೆ ಬರೆದ ಹಳೆಯ ನಕ್ಷೆಗಳನ್ನು ಗೆದ್ದಲು ಹಿಡಿಯತೊಡಗಿದಾಗ, ಇಲಿಯನ್ನು ಕಂಡರೆ ಹೆದರುವ ಆಕೆ ಕಂಪ್ಯೂಟರಿನ ಇಲಿಯನ್ನು ಹಿಡಿಯಲು ಕಲಿತು, ಒಂದೊಂದೇ ಚುಕ್ಕೆ ಒತ್ತಿ ಎಲ್ಲವನ್ನೂ ಒಳಗೆ ಇಳಿಸಿದ್ದರು. ಆಮೇಲೆ ಉಳಿದ ಕಾಗದವನ್ನು ಸಂಘದವರು ಸುಟ್ಟರು. ಬೇರೆ ಪ್ರತಿ ಇರಲಿಲ್ಲ. ನಾವು ಹೋದಾಗ ಪದ್ಮಮ್ಮ ಪರದೆಯ ಮುಂದೆ ಕುಳಿತಿದ್ದರು. “ಏಮೈಂದಿ ಸಾರು? ಹೋದ್ವಾ ಎಲ್ಲಾ?” ಎಂದು ತೆಲುಗು ಕನ್ನಡ ಕಲಸಿ, ಏನಾಯಿತೆಂದು ಕೇಳಿದರು.

“ನೋಡೂಣು ಅಕ್ಕಾರ,” ಎಂದರು ಸಾರು. ಆ ಯಂತ್ರದ ಡಿಸ್ಕಿನ ಪ್ರತಿ ಮಾಡಿಕೊಂಡು ನಾವು ನಾರಾಯಣಪೇಟೆಗೆ ಮರಳಿದೆವು.

ಡಿಸೈನುಗಳಿಗೆ ಬೀಗ ಹಾಕಿದ ಪ್ರೋಗ್ರಾಮನ್ನು ಓದಲು ನನಗೇ ಕೊಟ್ಟರು. “ನಾ ಮಾಡಿದ್ರ ಬೇಗ ಆಗ್ತೈತಿ. ಆದ್ರ ನನಗ ಬ್ಯಾಸರಾಗೈತಿ,” ಎಂದರು. ಅದು ಸುಳ್ಳು, ಪಕ್ಕದ ಸ್ಟೂಲಿನ ಮೇಲೆ ಕೂತು ಒಂದು ಸಾಲನ್ನೂ ಬಿಡದೆ ನೋಡುತ್ತಿದ್ದರು. ಎರಡನೆಯ ದಿನ ಮಧ್ಯಾಹ್ನ ಒಂದು ಸುತ್ತು ಸಿಕ್ಕಿತು: ಕಡತದಿಂದ ಒಂದು ಅಂಕಿ ತೆಗೆ, ಎಕ್ಸಾರ್ ಮಾಡು, ವಾಪಸು ಇಡು, ಮುಗಿಯಿತೇ ನೋಡು, ಇಲ್ಲದಿದ್ದರೆ ಮೇಲಕ್ಕೆ ಹಾರು. ಗುಟ್ಟಿನ ಅಂಕಿಗಳು ಹದಿನಾರು. ಅವನ್ನು ಆ ಕಳ್ಳ ಬೇರೆಲ್ಲೂ ಬಚ್ಚಿಟ್ಟಿರಲಿಲ್ಲ, ಪ್ರೋಗ್ರಾಮಿನೊಳಗೇ ಬಿಟ್ಟಿದ್ದ.

“ಕಳ್ಳನೂ ಸೋಮಾರಿ ಅದಾನ,” ಎಂದು ಸಾರು ಹಿಗ್ಗಿದರು. “ದೇಶದಾಗ ಕಳ್ಳರೂ ನೆಟ್ಟಗ ಕೆಲಸ ಮಾಡವಲ್ರು.”

ಅದೇ ಹದಿನಾರು ಅಂಕಿಗಳಿಂದ ಒಂದು ಕಡತವನ್ನು ಉಲ್ಟಾ ಮಾಡಿದೆ. ಪರದೆಯ ಮೇಲೆ ಒಂದು ಸೆರಗು ಬಿಚ್ಚಿಕೊಂಡಿತು: ಕೆಂಪು ನೆಲ, ಹಳದಿ ಹಂಸಗಳ ಸಾಲು. ಸಾರು ಮಿರ್ಚಿಯ ಎಣ್ಣೆ ಕೈಯಲ್ಲೇ ನನ್ನ ತಲೆ ತಟ್ಟಿದರು. ಅವರು ನನ್ನನ್ನು ಹೊಗಳಿದ್ದು ಅಷ್ಟೇ, ಅದನ್ನು ತೊಳೆಯಲು ಎರಡು ಸಲ ಸೀಗೆಕಾಯಿ ಹಾಕಬೇಕಾಯಿತು.

ಇನ್ನು ಇದು ಬಂದದ್ದು ಎಲ್ಲಿಂದ ಎಂಬುದು ಉಳಿದಿತ್ತು. ಡಿಸ್ಕಿನಲ್ಲಿ ಹುಡುಕುತ್ತಾ ಹೋದೆ. ಬೀಗದ ಪ್ರೋಗ್ರಾಮನ್ನು ಹೊರಗೆ ಬಿಟ್ಟದ್ದು ಇನ್ನೊಂದು ಪ್ರೋಗ್ರಾಮು. ಅದರ ಹೆಸರು ನೋಡಿದ ಕೂಡಲೇ ಗುರುತು ಸಿಕ್ಕಿತು. ಡಿಸೈನಿನ ಸಾಫ್ಟ್‌ವೇರು, ಫೋಟೋದ ಸಾಫ್ಟ್‌ವೇರು, ಯಾವುದನ್ನೇ ಆಗಲಿ ಲೈಸೆನ್ಸ್ ಇಲ್ಲದೆ ತೆರೆಯಲು ಬಳಸುವ ಕಳ್ಳ ಕೀಲಿ ಅದು. ನಮ್ಮ ಅಂಗಡಿಯ ನೀಲಿ ಪೆನ್‌ಡ್ರೈವಿನಲ್ಲಿ ಇತ್ತು. ಸಾರು ಯಾವುದೋ ಸೈಟಿನಿಂದ ಇಳಿಸಿಕೊಂಡು, ಬಂದ ಗಿರಾಕಿಗಳಿಗೆಲ್ಲ ಹಾಕಿಕೊಡುತ್ತಿದ್ದರು.

ಬಿಚ್ಚಿ ಓದಿದೆ. ಮೊದಲು ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿತ್ತು. ಆಮೇಲೆ ಆ ದಿನದ ತಾರೀಖು ಬರೆದಿಟ್ಟುಕೊಂಡು ಸುಮ್ಮನಾಗುತ್ತಿತ್ತು. ಪ್ರತಿ ಬೆಳಿಗ್ಗೆ ಕಳೆದ ದಿನಗಳನ್ನು ಬಿ-ನಾಲ್ಕು ಎಂಬ ಅಂಕಿಗೆ ಹೋಲಿಸುತ್ತಿತ್ತು. ಕಡಿಮೆ ಇದ್ದರೆ ಹಾರಿ ಹೋಗಿ ಮಲಗುತ್ತಿತ್ತು.

ಸಾರಿಗೆ ಕಾಣದಿರಲೆಂದು ನಾನು ಪರದೆಯ ಸಾಲುಗಳನ್ನು ಮೇಲಕ್ಕೆ ಸರಿಸಿದೆ.

“ಯಾಕ ಸರಿಸಿದಿ?”

“ಏನಿಲ್ಲ ಸಾರ್. ಇನ್ನೂ ತಿಳಿದಿಲ್ರಿ.”

“ಸುಳ್ಳ ಹೇಳಬ್ಯಾಡ. ಕೆಳಗ ತಗೊಂಬಾ. ಓದು, ಜೋರಾಗಿ ಓದು.”

ಓದಿದೆ. ಇದನ್ನು ಇದಕ್ಕೆ ಹೋಲಿಸು, ಕಡಿಮೆ ಇದ್ದರೆ ಇಲ್ಲಿಗೆ ಹಾರು, ಇಲ್ಲದಿದ್ದರೆ ಬೀಗದ ಪ್ರೋಗ್ರಾಮನ್ನು ಕರೆ.

“ಬಿ-ನಾಲ್ಕು ಅಂದ್ರ ನೂರಾ ಎಂಬತ್ತು ದಿನ,” ಎಂದರು ಸಾರು, ಬೆರಳು ಮಡಿಸದೆ. “ಗದ್ವಾಲಕ್ಕ ಹಾಕಿದ್ದು ಉಗಾದಿಗೆ.” ಎದ್ದು, ಶಟರಿನ ಕೋಲು ಕೈಗೆತ್ತಿಕೊಂಡು, “ಮನಿಗೆ ಹೋಗು,” ಎಂದರು.

ಈ ಹಂತದಲ್ಲಿ ಅವರು ಮಹಾತ್ಮರಾದರು ಎಂದು ಬರೆದರೆ ಚೆಂದವಿರುತ್ತಿತ್ತು. ಆಗಲಿಲ್ಲ. ಎರಡು ದಿನ ಅಂಗಡಿ ಬಾಗಿಲು ಹಾಕಿದರು. ಫೋನು ಮಾಡಿದರೆ ಒಮ್ಮೆ ಸಂಘದವರು ಬೇರೆ ಯಾವುದೋ ಪೆನ್‌ಡ್ರೈವು ಚುಚ್ಚಿರಬೇಕು ಎಂದರು. ಇನ್ನೊಮ್ಮೆ ಆ್ಯಂಟಿವೈರಸ್ಸಿನವರನ್ನು ಬೈದರು. ಮೂರನೆಯ ಸಲ ನಾನೇ ತಪ್ಪು ಓದಿದ್ದೇನೆ, ನನಗೆ ಸರಿಯಾಗಿ ಕಲಿಯುವ ಬುದ್ಧಿಯೇ ಇರಲಿಲ್ಲ ಎಂದು ಕೂಗಿ ಫೋನು ಇಟ್ಟರು. ನಾನು ಅವ್ವನ ಮಗ್ಗದ ಪಕ್ಕದಲ್ಲಿ ಕೂತು ಅತ್ತೆ, ಮತ್ತು ಅವರಿಗೆ ಬಾಯಿಗೆ ಬಂದಂತೆ ಬೈದೆ. ಅದನ್ನೂ ಅವರಿಂದಲೇ ಕಲಿತಿದ್ದೆ.

ಮೂರನೆಯ ಬೆಳಿಗ್ಗೆ ಮನೆಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಒಂದು ಹಳೆಯ ನೋಟ್‌ಬುಕ್ಕು, ಯಾರ ಕಂಪ್ಯೂಟರಿಗೆ ಯಾವತ್ತು ಏನು ಹಾಕಿಕೊಟ್ಟಿದ್ದರು ಎಂಬ ಪಟ್ಟಿ.

“ಊರೆಲ್ಲಾ ಓದು ಓದು ಅಂದು, ನಾನs ಓದಲಾರದ ಓಡಿಸಿದೆ,” ಎಂದರು. “ನಡಿ, ಗದ್ವಾಲಕ್ಕ ಹೋಗೂಣು. ಆಮ್ಯಾಲೆ ಉಳಿದವ್ರ ಕಡೆ. ಅವರಿಗೆ ಹಾಕಿದ್ದು ಉಗಾದಿ ಆದಮ್ಯಾಲೆ, ಇನ್ನೂ ದಿನ ತುಂಬಿಲ್ಲ.”

ಬಸ್ಸು ಜೂರಾಲ ಅಣೆಕಟ್ಟು ದಾಟುವಾಗ ನಾನು ಒಂದು ಉಪಾಯ ಹೇಳಿದೆ. ನನಗೆ ಈಗಲೂ ಅದರ ನಾಚಿಕೆ ಇದೆ. “ಸಾರ್, ಹಬ್ಬಕ್ಕ ಫ್ರೀ ಸರ್ವಿಸ್ ಅಂತ ಹೇಳಿ ಎಲ್ಲಾರ ಮಷೀನ್ನ್ಯಾಗಿಂದ ತಗದುಬಿಡೂಣ್ರಿ. ಯಾರಿಗೂ ತಿಳಿಯಂಗಿಲ್ಲ.”

“ತಿಳೀಲಿಲ್ಲಂದ್ರ ನಾಳೆ ಇನ್ನೊಬ್ಬನ ಕಡಿಂದ ಅದನ್ನs ಹಾಕಿಸ್ಕೊಂತಾರ, ಹುಚ್ಚಿ. ಕಾರಣ ಹೇಳಾಕs ಬೇಕು,” ಎಂದರು. ಧರ್ಮದ ಮಾತೇನೂ ಅಲ್ಲ, ರಿಪೇರಿಯವನ ಮಾತು.

ಸಂಘದಲ್ಲಿ ಮೊದಲು ಡಿಸೈನುಗಳನ್ನು ವಾಪಸು ಹಾಕಿದೆವು. ಪದ್ಮಮ್ಮ ಒಂದೊಂದನ್ನೂ ತೆರೆದು ನೋಡಿದರು. ಎಲ್ಲಾ ಇದ್ದವು. ಕಾರ್ಯದರ್ಶಿ ಹಾರ ತರಿಸಲು ಆಳು ಕಳಿಸುವಷ್ಟರಲ್ಲಿ ಸಾರು ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಕೀಲಿ ತಂದವನು ನಾನು, ಹಾಕಿದವನು ನಾನು, ಓದದೆ ಹಾಕಿದೆ ಎಂದರು.

ಕಾರ್ಯದರ್ಶಿ ಮೇಜು ಗುದ್ದಿದರು. “ಪೊಲೀಸರಿಗೆ ಕಂಪ್ಲೇಂಟ್ ಕೊಡ್ತೀನ್ರಿ!”

“ಕೊಡ್ರಿ. ವಿವರ ಆಕಿ ಬರ್ದುಕೊಡ್ತಾಳ, ನೀವು ಬರದ್ರ ತಪ್ಪ ಆಗ್ತೈತಿ,” ಎಂದು ಸಾರು ನನ್ನತ್ತ ಕೈ ತೋರಿಸಿದರು.

ಪದ್ಮಮ್ಮ ಕನ್ನಡಕ ತೆಗೆದು ಒರೆಸಿದರು. “ಸಾರು, ನೀವು ನನ್ನ ತಮ್ಮ ಆಗಿದ್ರ ಕಪಾಳಕ್ಕ ಹೊಡಿತಿದ್ದೆ.”

“ತಮ್ಮ ಅಂತs ತಿಳ್ಕೊರಿ ಅಕ್ಕಾರ.”

ಆಕೆ ಹೊಡೆಯಲಿಲ್ಲ. ಎರಡು ಬೇರೆ ಡಿಸ್ಕು ತರಿಸಿ, ಅಷ್ಟೂ ಡಿಸೈನುಗಳನ್ನು ಎರಡರಲ್ಲೂ ಸಾರಿನ ಕೈಯಿಂದಲೇ ಪ್ರತಿ ಮಾಡಿಸಿ, ಮುಗಿಯುವವರೆಗೆ ಅವರ ತಲೆಯ ಹಿಂದೆ ನಿಂತರು. ಚಹಾ ತರಿಸಲಿಲ್ಲ. ನಮ್ಮ ಕಡೆ ಬಂದವರಿಗೆ ಚಹಾ ಕೊಡದಿರುವುದು ಕಪಾಳಕ್ಕೆ ಹೊಡೆಯುವುದಕ್ಕಿಂತ ದೊಡ್ಡದು. ದೂರು ಮಾತ್ರ ಕೊಡಬೇಡಿ ಎಂದು ಕಾರ್ಯದರ್ಶಿಗೆ ಹೇಳಿದವರೂ ಪದ್ಮಮ್ಮನೇ.

ಆಮೇಲೆ ಮೂರು ವಾರ ನಾವು ನೋಟ್‌ಬುಕ್ಕು ಹಿಡಿದು ಬಸ್ಸು ಹತ್ತಿಳಿದೆವು. ಗುಂಡುಮಾಲದ ಗೊಬ್ಬರದಂಗಡಿಯವನು ಸಾರಿನ ಮೂರು ತಲೆಮಾರನ್ನು ನೆನೆದ. ರಾಜೋಳಿಯ ಫೋಟೋ ಸ್ಟುಡಿಯೋದವನು ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡು, “ವೈರಸ್ ತಗೀರಿ ಸಾರ್, ಕೀಲಿ ಅಷ್ಟ ಇರಲಿ,” ಎಂದ. ಉಂಡವಳ್ಳಿಯಲ್ಲಿ ನಾವು ತಲುಪಿದಾಗ ಒಂದು ಯಂತ್ರಕ್ಕೆ ಎರಡೇ ದಿನ ಬಾಕಿ ಇತ್ತು. ಅದರಲ್ಲಿ ಒಬ್ಬ ಹುಡುಗಿಯ ಮದುವೆಯ ಅಷ್ಟೂ ಫೋಟೋಗಳಿದ್ದವು. ಪ್ರತಿ ಕಡೆಯೂ ಸಾರು ಮೊದಲು ಕಾರಣ ಹೇಳುತ್ತಿದ್ದರು, ಆಮೇಲೆ ಕುರ್ಚಿ ಕೇಳುತ್ತಿದ್ದರು. ಕೆಲವೆಡೆ ಕುರ್ಚಿ ಸಿಗಲಿಲ್ಲ. ಪಟ್ಟಿ ಮುಗಿಯುವ ಹೊತ್ತಿಗೆ ಅಂಗಡಿಗೆ ಬರುವ ಗಿರಾಕಿಗಳು ಅರ್ಧಕ್ಕಿಳಿದಿದ್ದರು. ಸಾರಿನ ಬಾಯಿ ಮಾತ್ರ ಅರ್ಧಕ್ಕಿಳಿಯಲಿಲ್ಲ.

ಆ ಪ್ರೋಗ್ರಾಮಿನ ಬಗ್ಗೆ ನಾನೊಂದು ವರದಿ ಬರೆದೆ. ಇಂಥದ್ದನ್ನು ಹಿಡಿದವರು ಬೇರೆಯವರಿಗೆ ತಿಳಿಯಲೆಂದು ಬರೆದು ಹಂಚುವುದು ಈ ಕೆಲಸದ ರೂಢಿ. ಸಾರು ಓದಿ ಮೂರು ತಪ್ಪು ಹಿಡಿದರು, ಮೂರಕ್ಕೂ ಬೇರೆ ಬೇರೆ ಬೈದರು. ‘ಹರಡಿದ್ದು ಹೇಗೆ’ ಎಂಬಲ್ಲಿ ನಾನು ‘ಒಂದು ಸ್ಥಳೀಯ ರಿಪೇರಿ ಅಂಗಡಿಯ ಮೂಲಕ’ ಎಂದು ಬರೆದಿದ್ದೆ. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ತಮ್ಮ ಪೂರ್ತಿ ಹೆಸರು, ಅಂಗಡಿಯ ಹೆಸರು, ಊರು ಬರೆದರು.

“ಬ್ಯಾಡ್ರಿ ಸಾರ್.”

“ಆ ಕೀಲಿ ನನ್ನ ಕಡಿಂದ ಬ್ಯಾರೆ ಎಲ್ಲ್ಯರ ಹೋಗಿದ್ರ, ಅವ್ರಿಗೆ ಹೆಂಗ ಗೊತ್ತಾಗಬೇಕು? ಸ್ಥಳೀಯ ಅಂದ್ರ ಯಾವ ಸ್ಥಳ? ಬರಿ.”

ಬರೆದೆ. ಆ ವರದಿ ನೋಡಿಯೇ ಹೈದರಾಬಾದಿನ ಒಂದು ಸಂಸ್ಥೆಯವರು ಸಂದರ್ಶನಕ್ಕೆ ಕರೆದರು. ಅವರ ಕೆಲಸವನ್ನೇ ಈಗ ನಾರಾಯಣಪೇಟೆಯ ಮನೆಯ ಮೇಲಿನ ಕೋಣೆಯಲ್ಲಿ ಕೂತು ಮಾಡುತ್ತಿದ್ದೇನೆ. ಸಾರು ಆಮೇಲೆ ನಾಲ್ಕು ವರ್ಷ ಇದ್ದರು. ಮಿರ್ಚಿ ಬಿಡು ಎಂದ ಡಾಕ್ಟರನ್ನು ಬಿಟ್ಟರು. ಕಳೆದ ತಿಂಗಳು ಮಕ್ತಲಿನ ಮನೆಯಲ್ಲಿ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಅವರನ್ನು ನೆನೆದಾಗ ನನಗೆ ಮತ್ತೆ ಮತ್ತೆ ಕಿವಿಯಲ್ಲಿ ಕೇಳುವುದು ಆ ಸಂದರ್ಶನದ ದಿನದ ಫೋನು. ಹೊರಗೆ ಬಂದು ಗೇಟಿನ ಹತ್ತಿರವೇ ನಿಂತು ಅವರಿಗೆ ಕರೆ ಮಾಡಿದೆ. ಏನೇನು ಕೇಳಿದರು ಎಂದು ಒಂದೊಂದಾಗಿ ಒಪ್ಪಿಸಿದೆ. ಪ್ರತಿ ಉತ್ತರಕ್ಕೂ “ಹೂಂ, ಇನ್ನೂ ಚಲೋ ಹೇಳಬಹುದಿತ್ತು,” ಎನ್ನುತ್ತಿದ್ದರು.

“ಕಡೀಕ ನಿಮ್ಮ ಬಗ್ಗೆ ಕೇಳಿದ್ರು ಸಾರ್. ವರದಿಯೊಳಗಿನ ಈ ಅಂಗಡಿಯವ ಯಾರು, ನಿನಗ ಹೆಂಗ ಗೊತ್ತು ಅಂತ.”

“ಏನಂದಿ?”

“ನನಗ ಓದಾಕ ಕಲಿಸಿದವ್ರು ಅವ್ರs ಅಂದೆ.”

ಆ ಕಡೆ ಬಸ್ಸಿನ ಹಾರ್ನು ಕೇಳಿಸಿತು, ಹೂವಿನವಳು ಕೂಗುವುದು ಕೇಳಿಸಿತು. ನನ್ನ ಮಾತು ಅವರಿಗೆ ಕೇಳಿಸಲಿಲ್ಲವೇನೋ ಎಂದುಕೊಂಡು “ಸಾರ್?” ಎಂದೆ.

“ಹುಚ್ಚಿ,” ಎಂದರು. “ನೌಕ್ರಿ ಕೊಡೂತನಕ ಸುಮ್ಮನಿರಾಕ ಏನಾಗಿತ್ತು ನಿನಗ, ಅವ್ರು...” ಮುಂದಿನ ಬೈಗುಳ ಅವರ ಬಾಯಿಂದ ಹೊರಡಲಿಲ್ಲ.